ತಂದೆಯೊಡನೆ ಬಾತಿನ ಬೇಟೆಗೆ: ಆಲ್ಡೋ ಲಿಯೊಪೋಲ್ಡರ ಜೀವನ

ಬೇಟೆಯ ಮಾತೆತ್ತಿದೊಡನೆ ನಮ್ಮ ವಾಚಕರಲ್ಲಿ ಕೆಲವರು ಪುಟ ಮಗುಚಿಬಿಡುವರೆಂಬುದನ್ನು ನಾವು ಬಲ್ಲೆವು. ಇಡ್ಲಿ, ದೋಸೆ, ಸಾಂಬಾರುಗಳ ನಡುವೆ ಬಾಳು ಸಾಗಿಸುವ ಹೊಟೇಲು ಬಂಧುಗಳಲ್ಲಿ ಹಕ್ಕಿಯ ಮಾಂಸದ ಕಡೆಗೆ ಕಣ್ಣೆತ್ತಿಯೂ ನೋಡದವರು ಅನೇಕರಿದ್ದಾರೆ. ಊರಿಗೆ ಹೋದಾಗ ಕೋಳಿಸಾರಿಲ್ಲದೆ ಹಬ್ಬವೇ ಆಗದೆನ್ನುವವರೂ ಅಷ್ಟೇ ಮಂದಿ ಇದ್ದಾರೆ. ಈ ಎರಡು ಪಂಗಡದವರೂ ಒಂದು ಗಳಿಗೆ ತಾಳ್ಮೆಯಿಂದ ಓದಬೇಕೆಂದು ನಮ್ಮ ಬಿನ್ನಹ. ಏಕೆಂದರೆ ನಾವು ಇಂದು ಹೇಳಹೊರಟಿರುವ ಜೀವನದಲ್ಲಿ ಒಬ್ಬ ತಂದೆಯು ತನ್ನ ಮಗನಿಗೆ ಕೋವಿ ಹಿಡಿಯುವುದನ್ನು ಕಲಿಸಿದನು; ಅದರ ಜೊತೆಗೆ ಕೋವಿಯನ್ನು ಯಾವಾಗ ಕೆಳಗಿಡಬೇಕೆಂಬುದನ್ನೂ ಕಲಿಸಿದನು. ಆ ಮಗನೇ ಮುಂದೆ ಕಾಡು, ನೀರು, ಮೃಗಪಕ್ಷಿಗಳ ಪಾಲನೆಗೆ ಒಂದು ಶಾಸ್ತ್ರವನ್ನೇ ಕಟ್ಟಿಕೊಟ್ಟ ಅಮೇರಿಕದ ಆಲ್ಡೋ ಲಿಯೊಪೋಲ್ಡರು.

ಲಿಯೊಪೋಲ್ಡರು 1887ನೇ ಇಸವಿ ಜನವರಿ 11ರಂದು ಅಯೋವಾ ಸಂಸ್ಥಾನದ ಬರ್ಲಿಂಗ್‌ಟನ್ ಎಂಬ ಊರಿನಲ್ಲಿ ಜನಿಸಿದರು. ಈ ಊರು ಮಿಸಿಸಿಪಿ ಮಹಾನದಿಯ ಪಶ್ಚಿಮ ದಡದಲ್ಲಿದೆ. ಇವರ ಮನೆಯು ನದಿಗೆ ಎದುರಾದ ಎತ್ತರವಾದ ದಿಬ್ಬದ ಮೇಲಿದ್ದಿತು. ಕೆನಡಾದ ಕಡೆಯ ತಣ್ಣನೆಯ ನಾಡಿನಲ್ಲಿ ಬೇಸಗೆಯಲ್ಲಿ ಮರಿಮಾಡುವ ಕಾಡುಬಾತುಗಳು ಚಳಿ ಹತ್ತಿರವಾದಂತೆ ತೆಂಕಣಕ್ಕೆ ಹೊರಡುತ್ತವೆ. ವಸಂತದಲ್ಲಿ ಅದೇ ದಾರಿಯಿಂದ ಹಿಂದಿರುಗುತ್ತವೆ. ಈ ಮಹಾನದಿಯ ಕಣಿವೆಯೇ ಅವುಗಳ ಹೆದ್ದಾರಿ. ಆದುದರಿಂದ ವರ್ಷಕ್ಕೆ ಎರಡು ಸಲ ಆ ಮನೆಯ ಮಾಡಿನ ಮೇಲಿಂದ ಸಾವಿರಗಟ್ಟಲೆ ಬಾತುಗಳು ಸಾಗಿಹೋಗುತ್ತಿದ್ದುವು.

ಮನೆತನವು ಜರ್ಮನ್ ಮೂಲದ್ದು. ಪರದೇಶದಿಂದ ಬಂದು ನೆಲೆಸಿದವರ ಮನೆಗಳಲ್ಲಿ ಕಾಣುವಂತೆ ಅಲ್ಲಿಯೂ ಮಕ್ಕಳು ಮೊದಲು ಕಲಿತದ್ದು ಮನೆಮಾತನ್ನು. ಇಂಗ್ಲಿಷು ಶಾಲೆಗೆ ಹೋದ ಮೇಲೆ ಬಂದಿತು. ಮುಂಬಯಿಯ ಚಾಳಿನಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತ ಬೆಳೆದು ಶಾಲೆಯಲ್ಲಿ ಬೇರೆ ಭಾಷೆ ಕಲಿತ ನಮ್ಮ ಮಕ್ಕಳಿಗೆ ಇದರಲ್ಲಿ ಹೊಸತೇನೂ ಕಾಣದು.

ತಂದೆ ಕಾರ್ಲ್ ಲಿಯೊಪೋಲ್ಡರು ಪ್ರಾಯದಲ್ಲಿ ಮುಳ್ಳುತಂತಿಯನ್ನು ಮಾರುತ್ತ ಊರೂರು ತಿರುಗಿದ ವ್ಯಾಪಾರಿ. ತರುವಾಯ ಬರ್ಲಿಂಗ್‌ಟನ್ನಿನಲ್ಲಿ ನೆಲೆನಿಂತು, ಕಛೇರಿಗಳಲ್ಲಿ ಬರೆಯುವ ಮೇಜುಗಳನ್ನು ತಯಾರಿಸುವ ಕಾರ್ಖಾನೆಯನ್ನು ನಡೆಸಿದರು. ದಿನವಿಡೀ ಮೇಜಿನ ಮೇಲೆ ಬಾಗಿ ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳು ಈ ಸಂಗತಿಯನ್ನು ಗಮನಿಸಬೇಕು. ಆ ಮೇಜುಗಳು ಗಟ್ಟಿತನಕ್ಕೆ ಹೆಸರಾಗಿದ್ದುವು. ಮೇಜಿನ ವ್ಯಾಪಾರಿಯಾದರೂ ಕಾರ್ಲರ ಮನಸ್ಸು ಮೇಜಿಗೆ ಅಂಟಿಕೊಂಡಿರಲಿಲ್ಲ. ಬಿಡುವು ಸಿಕ್ಕಿದೊಡನೆ ಕೋವಿಯನ್ನೂ ನಾಯಿಯನ್ನೂ ಮಕ್ಕಳನ್ನೂ ಕರೆದುಕೊಂಡು ನದಿಯ ಆಚೆ ದಡದ ಇಲಿನಾಯ್ ಜೌಗುನೆಲಕ್ಕೆ ಹೊರಟುಬಿಡುತ್ತಿದ್ದರು.

ಇಲ್ಲಿ ನಮ್ಮ ಕಸುಬಿಗೆ ಸಂಬಂಧಪಟ್ಟ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ಆ ಕಾಲದಲ್ಲಿ ಅಮೇರಿಕದಲ್ಲಿ ಕಾಡುಬಾತನ್ನು ಕೊಲ್ಲುತ್ತಿದ್ದವರಲ್ಲಿ ಎರಡು ಬಗೆ. ಮನೆಯ ಊಟಕ್ಕೂ ವಿನೋದಕ್ಕೂ ಬೇಟೆಯಾಡುವವರು ಒಂದು ಬಗೆ. ಪೇಟೆಗಾಗಿ ಕೊಲ್ಲುವವರು ಇನ್ನೊಂದು ಬಗೆ. ಈ ಎರಡನೆಯವರಿಗೆ ಗಿರಾಕಿಗಳು ಯಾರೆಂದರೆ ಶಿಕಾಗೋ, ನ್ಯೂಯಾರ್ಕು ಮೊದಲಾದ ಪಟ್ಟಣಗಳ ದೊಡ್ಡ ಹೊಟೇಲುಗಳು! ರೈಲುದಾರಿಯೂ ಮಂಜುಗಡ್ಡೆಯೂ ಬಂದ ಮೇಲೆ ಹಕ್ಕಿಗಳನ್ನು ಪೀಪಾಯಿಗಳಲ್ಲಿ ತುಂಬಿ ನೂರಾರು ಮೈಲು ದೂರಕ್ಕೆ ಕಳುಹಿಸುವುದು ಸುಲಭವಾಯಿತು. ಕ್ಯಾನ್ವಾಸ್‌ಬ್ಯಾಕ್ ಎಂಬೊಂದು ಬಾತು ನೀರಿನಡಿಯ ಹುಲ್ಲಿನ ಗೆಡ್ಡೆಯನ್ನು ತಿಂದು ಕೊಬ್ಬುತ್ತದೆ. ಅದರ ಮಾಂಸಕ್ಕಾಗಿ ಸಿರಿವಂತರು ಎಷ್ಟು ಬೆಲೆಯನ್ನಾದರೂ ತೆರುತ್ತಿದ್ದರು. ಪೂರ್ವ ಕರಾವಳಿಯ ಕೊಲ್ಲಿಗಳಲ್ಲಿ ದೋಣಿಯ ಮೂತಿಗೆ ಫಿರಂಗಿಯಂಥ ಕೋವಿಯನ್ನು ಕಟ್ಟಿ, ರಾತ್ರಿ ನೀರಿನ ಮೇಲೆ ನಿದ್ರಿಸುವ ಹಿಂಡಿನ ಮೇಲೆ ಹಾರಿಸುತ್ತಿದ್ದರು. ಒಂದೇ ಏಟಿಗೆ ಹತ್ತಾರು ಹಕ್ಕಿಗಳು ಉರುಳುತ್ತಿದ್ದುವು. ಹೊಟೇಲಿನ ಬಿಳಿ ಹಾಸಿನ ಮೇಜಿನ ಬಳಿ ಕುಳಿತು ಬಾತಿನ ಹುರಿದ ಎದೆಯನ್ನು ಮಾತ್ರ ತಿಂದು ಉಳಿದುದನ್ನು ತಟ್ಟೆಯಲ್ಲಿಯೇ ಬಿಟ್ಟೇಳುವ ದೊರೆಮಗನಿಗೆ ಆ ಇರುಳಿನ ಸುದ್ದಿ ತಿಳಿಯುವ ಬಗೆಯೆಂತು? ಗಲ್ಲಾದ ಹಿಂದೆ ವರ್ಷಗಟ್ಟಲೆ ಕುಳಿತ ನಮಗೆ ಎಂಜಲು ತಟ್ಟೆಗಳ ಪರಿಚಯ ಚೆನ್ನಾಗಿಯೇ ಉಂಟು. ಕಾಸು ಕೊಟ್ಟವನಿಗೆ ಸಾಕು ಎನ್ನುವ ಮಾತು ಬೇಗ ಬರುವುದಿಲ್ಲ.

ಕಾರ್ಲ್ ಲಿಯೊಪೋಲ್ಡರು ಈ ನಾಶವನ್ನು ಕಣ್ಣಾರೆ ಕಂಡರು. ಅವರ ಯೌವನದಲ್ಲಿ ಆಕಾಶವನ್ನು ಮುಚ್ಚುತ್ತಿದ್ದ ಹಿಂಡುಗಳು ಮಕ್ಕಳು ನಡೆಯಲು ಕಲಿಯುವ ಹೊತ್ತಿಗೆ ತೆಳುವಾಗತೊಡಗಿದ್ದುವು. ಆಗ ವಸಂತದಲ್ಲಿಯೂ ಬಾತುಗಳನ್ನು ಹೊಡೆಯುವ ರೂಢಿಯಿದ್ದಿತು. ಕಾಯಿದೆಯ ಅಡ್ಡಿ ಇರಲಿಲ್ಲ, ನೆರೆಹೊರೆಯವರೆಲ್ಲರೂ ಹೊಡೆಯುತ್ತಿದ್ದರು. ಆದರೆ ವಸಂತದಲ್ಲಿ ಬಡಗಣಕ್ಕೆ ಹೊರಟ ಬಾತು ಜೊತೆಗೂಡಿ ಗೂಡು ಕಟ್ಟಲೆಂದು ಹೊರಟ ಬಾತು. ಅಂಥ ಒಂದು ಹೆಣ್ಣು ಬಿದ್ದರೆ ಆ ವರ್ಷದ ಅಷ್ಟೂ ಮರಿಗಳು ಬಿದ್ದಂತೆ. ಬಿತ್ತನೆಯ ಭತ್ತವನ್ನು ಕುಟ್ಟಿ ಉಣ್ಣುವ ರೈತನನ್ನು ನಮ್ಮೂರಿನಲ್ಲಿ ಏನೆಂದು ಕರೆಯುವರೆಂದು ವಾಚಕರೇ ಬಲ್ಲರು. ಕಾರ್ಲರು ಯಾರ ಅಪ್ಪಣೆಯನ್ನೂ ಕಾಯದೆ ವಸಂತದ ಬೇಟೆಯನ್ನು ಬಿಟ್ಟುಬಿಟ್ಟರು. ಶರತ್ಕಾಲದ ಬೇಟೆಯಲ್ಲಿಯೂ ತಮಗೆ ತಾವೇ ಒಂದು ಮಿತಿಯನ್ನು ಹಾಕಿಕೊಂಡರು. ವಸಂತದ ಬೇಟೆಯನ್ನು ಸರಕಾರವು ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸಿದುದು 1913ರಲ್ಲಿ. ಕೆನಡಾದೊಡನೆ ಮಾಡಿಕೊಂಡ ಒಪ್ಪಂದದ ಬಲದಿಂದ ಆ ಕಾಯಿದೆ ಭದ್ರವಾದುದೂ, ಕಾಡುಬಾತುಗಳ ಮಾರಾಟ ನಿಂತುದೂ 1918ರಲ್ಲಿ. ಬರ್ಲಿಂಗ್‌ಟನ್ನಿನ ಮೇಜಿನ ವ್ಯಾಪಾರಿಯ ಮನೆಯಲ್ಲಿ ಆ ಕಾಯಿದೆ ಎಷ್ಟೋ ವರ್ಷ ಮೊದಲೇ ಜಾರಿಗೆ ಬಂದಿದ್ದಿತು.

ಇಂಥ ತಂದೆಯ ಹಿಂದೆ ಹಿರಿಯ ಮಗ ಆಲ್ಡೋ ನಡೆದನು. ಜೌಗಿನ ಕೆಸರಿನಲ್ಲಿ ನಡೆಯುವಾಗ ಕಾರ್ಲರು ಕೊಳೆತ ದಿಮ್ಮಿಯನ್ನು ಒಡೆದು ಒಳಗಿನ ಹುಳುಗಳನ್ನು ತೋರಿಸುವರು. ನೀರಂಚಿನ ಹೆಜ್ಜೆಗುರುತು ಯಾವ ಪ್ರಾಣಿಯದೆಂದು ಹೇಳುವರು. ಹಕ್ಕಿ ಏನನ್ನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂಬುದನ್ನು ವಿವರಿಸುವರು. ಕೋವಿ ಹಾರುವ ಗಳಿಗೆಗಳು ಕೆಲವೇ. ಮಿಕ್ಕ ಹೊತ್ತೆಲ್ಲ ಪಾಠವೇ. ಕೊನೆಗೊಂದು ದಿನ ಮಗನ ಕೈಗೆ ಒಂಟಿ ನಳಿಗೆಯ ಕೋವಿ ಬಂದಿತು. ಅದರೊಡನೆ ಒಂದು ಕಟ್ಟಳೆಯೂ ಬಂದಿತು. ಕೌಜುಗದ ಜಾತಿಯ ಕಾಡುಹಕ್ಕಿಯೊಂದಿದೆ. ನಾಯಿ ಅಟ್ಟಿದರೆ ಅದು ಮರವನ್ನೇರಿ ಸುಮ್ಮನೆ ಕುಳಿತುಬಿಡುತ್ತದೆ. ಹಾಗೆ ಕುಳಿತ ಹಕ್ಕಿಯನ್ನು ಹೊಡೆಯಕೂಡದು, ಹಾರುವ ಹಕ್ಕಿಯನ್ನೇ ಹೊಡೆಯಬೇಕು, ಎಂಬುದು ತಂದೆಯ ಕಟ್ಟಳೆ. ಎಳೆಯ ಕೈಗೆ ಹಾರುವ ಹಕ್ಕಿ ಸಿಕ್ಕೀತೇ? ಮರದ ಮೇಲೆ ಕೈಗೆ ನಿಲುಕುವಂತೆ ಕುಳಿತ ಹಕ್ಕಿಯನ್ನು ಕಂಡೂ ಕೋವಿ ಇಳಿಸಿ ಬರಿಗೈಯಿಂದ ಮನೆಗೆ ಬರಬೇಕಾದ ಬಾಲಕನ ಸಂಕಟವನ್ನು ನಾವು ಊಹಿಸಬಲ್ಲೆವು. ಆ ಕಾಡಿನಲ್ಲಿ ಅವನನ್ನು ನೋಡುವವರು ಯಾರೂ ಇರಲಿಲ್ಲ. ಬೇಟೆಗಾರನಿಗೆ ಚಪ್ಪಾಳೆ ತಟ್ಟುವ, ಛೀಮಾರಿ ಹಾಕುವ ಪ್ರೇಕ್ಷಕರಿಲ್ಲ, ಅವನ ಮನಸ್ಸೊಂದೇ ಸಾಕ್ಷಿಯೆಂದು ಲಿಯೊಪೋಲ್ಡರು ಮುಂದೆ ಪ್ರೌಢರಾಗಿ ಬರೆದುದು ಈ ಅನುಭವದಿಂದಲೇ ಎಂದು ನಮ್ಮ ಎಣಿಕೆ.

ಮೊದಲನೆಯ ಬಾತು ಸಿಕ್ಕಿದ ದಿನವನ್ನು ಅವರು ಬಾಳಿನುದ್ದಕ್ಕೂ ಮರೆಯಲಿಲ್ಲ. ಅದು ಕೊರೆಯುವ ಚಳಿಗಾಲದ ದಿನ. ಕೆರೆಯೆಲ್ಲ ಹೆಪ್ಪುಗಟ್ಟಿ, ಒಂದೆಡೆ ಮಾತ್ರ ನೀರಿನ ಸಣ್ಣ ಕಂಡಿ ತೆರೆದಿದ್ದಿತು. ಬಾತು ಇಳಿಯಬೇಕಾದರೆ ಅಲ್ಲಿಯೇ ಇಳಿಯಬೇಕೆಂದು ಲೆಕ್ಕ ಹಾಕಿ ಬಾಲಕನು ದಡದಲ್ಲಿ ಅಡಗಿ ಕುಳಿತನು. ಮಧ್ಯಾಹ್ನವೆಲ್ಲ ಕಳೆಯಿತು, ಕೈಕಾಲು ಮರಗಟ್ಟಿದುವು, ಕಾಗೆಗಳ ಹೊರತು ಬೇರೇನೂ ಬರಲಿಲ್ಲ. ಹೊತ್ತು ಮುಳುಗುವ ವೇಳೆಗೆ ಪಡುವಣದಿಂದ ಒಂಟಿ ಕಪ್ಪು ಬಾತೊಂದು ಬಂದು ರೆಕ್ಕೆ ಚಾಚಿ ಆ ಕಂಡಿಗೆ ಇಳಿಯತೊಡಗಿತು. ಗುಂಡು ಹಾರಿಸಿದ ನೆನಪು ಆತನಿಗೆ ಉಳಿಯಲೇ ಇಲ್ಲ. ಹಕ್ಕಿಯು ಹಿಮ ಮುಚ್ಚಿದ ಮಂಜುಗಡ್ಡೆಯ ಮೇಲೆ ಧೊಪ್ಪನೆ ಬಿದ್ದು ಕೆಂಪು ಕಾಲುಗಳನ್ನು ಆಡಿಸಿದ ನೋಟ ಮಾತ್ರ ಅರವತ್ತರ ವರೆಗೂ ಕಣ್ಣಿಗೆ ಕಟ್ಟಿದಂತಿದ್ದಿತು. ಅಹಿಂಸೆಯ ನಾಡಿನವರಾದ ನಮಗೆ ಈ ಸಂತೋಷ ವಿಚಿತ್ರವಾಗಿ ತೋರುವುದು ಸಹಜ. ಆದರೆ ಅವರು ಅದನ್ನು ಮರೆಮಾಚಲಿಲ್ಲ, ಅದಕ್ಕೆ ಬಣ್ಣವನ್ನೂ ಹಚ್ಚಲಿಲ್ಲ. ಆ ಪ್ರಾಮಾಣಿಕತನ ನಮಗೆ ಮೆಚ್ಚಿಗೆಯಾಗಿದೆ.

ಇನ್ನು ಊಟದ ಮಾತು. ಹೊಟೇಲಿನವರ ಪತ್ರಿಕೆಯಲ್ಲಿ ಅದನ್ನು ಬಿಟ್ಟರೆ ಹೇಗೆ? ಆ ನಾಡಿನ ರೂಢಿಯಂತೆ ಬೇಟೆಯಲ್ಲಿ ಸಿಕ್ಕಿದ ಬಾತನ್ನು ತಂಪಾದ ಜಾಗದಲ್ಲಿ ಒಂದೆರಡು ದಿನ ತೂಗುಹಾಕುವರು, ಮಾಂಸ ಹದವಾಗುವುದು. ತರುವಾಯ ಗರಿ ಕಿತ್ತು, ಹೊಟ್ಟೆ ಶುಚಿಮಾಡಿ, ಜೋರಾದ ಕಾವಿನ ಒಲೆಯಲ್ಲಿ ಹುರಿಯುವರು. ಎಲ್ಲ ಬಾತೂ ಒಂದೇ ರುಚಿಯಲ್ಲ. ಮೀನು ತಿನ್ನುವ ಬಾತಿನ ಮಾಂಸಕ್ಕೆ ಮೀನಿನದೇ ನಾತ. ಕಾಳು, ಓಕ್ ಮರದ ಬೀಜ, ಜೌಗಿನ ಗೆಡ್ಡೆಗಳನ್ನು ತಿಂದ ಹಸಿರುತಲೆಯ ಬಾತು ಕೊಬ್ಬೇರಿ ಬೆಣ್ಣೆಯಂತಿರುವುದು. ಒಳ್ಳೆಯ ಬೇಟೆಗಾರನಿಗೆ ತಟ್ಟೆಯ ರುಚಿಯನ್ನು ನೋಡಿಯೇ ಹಕ್ಕಿ ಯಾವ ನೀರಿನಲ್ಲಿ ಮೇದಿತ್ತೆಂದು ಹೇಳಲು ಬರುತ್ತದೆ. ಮೇಜಿನ ಸುತ್ತ ಕುಳಿತ ಮಕ್ಕಳಿಗೆ ಪ್ರತಿಯೊಂದು ಹಕ್ಕಿಯ ಹಿಂದಿನ ಕಥೆ ಗೊತ್ತು. ಇದು ಯಾವ ಹೊಂಡದ್ದು, ಯಾರು ಹೊಡೆದದ್ದು, ನಾಯಿ ಎಷ್ಟು ದೂರ ಈಜಿ ತಂದದ್ದು, ಚರೆಗಳು ಹಲ್ಲಿಗೆ ಸಿಕ್ಕೀತು ಜೋಕೆ! ಎಷ್ಟು ಬೇಕೋ ಅಷ್ಟನ್ನೇ ತಂದವರಿಗೆ ಬಿಸಾಡುವ ಪ್ರಶ್ನೆ ಬರುವುದಿಲ್ಲ. ಶಿಕಾಗೋ ಹೊಟೇಲಿನ ತಟ್ಟೆಗೂ ಈ ತಟ್ಟೆಗೂ ಇದ್ದ ಅಂತರವನ್ನು ನಮ್ಮ ಕಸುಬಿನವರು ಯಾರಾದರೂ ಅರಿತಾರು. ಹಕ್ಕಿ ಅದೇ, ಒಲೆ ಅದೇ. ಒಂದು ಕಡೆ ಮಿತಿಯನ್ನು ಹಾಕುವವನು ಉಣ್ಣುವವನೇ, ಇನ್ನೊಂದು ಕಡೆ ಮಿತಿಯನ್ನು ಹಾಕುವವರೇ ಇಲ್ಲ.

1904ರ ಆರಂಭದಲ್ಲಿ ಆಲ್ಡೋ ಮನೆ ಬಿಟ್ಟು ದೂರದ ನ್ಯೂಜೆರ್ಸಿಯ ಲಾರೆನ್ಸ್‌ವಿಲ್ ಶಾಲೆಗೆ ಹೋದನು. ಊರನ್ನು ಬಿಟ್ಟು ಬಂದವರಿಗೆ ಕಾಗದದ ಬೆಲೆ ಗೊತ್ತು. ಈತನು ತಾಯಿ ಕ್ಲಾರಾಗೆ ಉದ್ದುದ್ದ ಕಾಗದಗಳನ್ನು ಬರೆಯುತ್ತಿದ್ದನು. ಅವುಗಳಲ್ಲಿ ತಾನು ಕಂಡ ಹಕ್ಕಿಗಳ, ಹೂಗಳ ವರದಿಯೇ ಹೆಚ್ಚು. ಆ ವರ್ಷದ ಮಾರ್ಚಿಯಲ್ಲಿ, ವಸಂತದ ಬಾತುಗಳನ್ನು ಊರಿನವರು ಎಂದಿನಂತೆ ಕೊಲ್ಲುತ್ತಿರುವ ಸುದ್ದಿಯನ್ನು ಕೇಳಿ ಆತನು ಮನನೊಂದು ಉತ್ತರ ಬರೆದನು. ಇದಕ್ಕಿಂತ ಬೇರೆಯದನ್ನು ನಿರೀಕ್ಷಿಸುವಂತಿಲ್ಲವೆಂದೂ, ತಾನು ಮಾತನಾಡುವ ಮತ್ತು ಕೈಗೊಳ್ಳುವ ಕಾಲ ಬಂದಾಗ ಈ ಕೆಲಸಕ್ಕೆ ತನ್ನ ಶಕ್ತಿಯಲ್ಲಿ ಏನೊಂದನ್ನೂ ಕಡಿಮೆ ಮಾಡಲಾರೆನೆಂದೂ ತಾಯಿಗೆ ಮಾತು ಕೊಟ್ಟನು. ಆಗ ಆತನಿಗೆ 17 ವರ್ಷ. ಹುಡುಗರು ಕಾಗದದಲ್ಲಿ ಎಷ್ಟೋ ಬರೆಯುತ್ತಾರೆ. ಈ ಮಾತು 30 ವರ್ಷಗಳ ತರುವಾಯ ತೀರಿತು. ಅದನ್ನು ಮುಂದೆ ಹೇಳುವೆವು.

ಮುಂದಿನ ವಿದ್ಯಾಭ್ಯಾಸ ಯೇಲ್ ವಿಶ್ವವಿದ್ಯಾಲಯದಲ್ಲಿ. ಅರಣ್ಯಶಾಸ್ತ್ರದ ಪದವಿಯನ್ನು ಪಡೆದು 1909ರಲ್ಲಿ ಲಿಯೊಪೋಲ್ಡರು ಸರಕಾರದ ಅರಣ್ಯ ಇಲಾಖೆಗೆ ಸೇರಿ ಅರಿಜೋನಾದ ಬೆಟ್ಟಗಳಿಗೆ ಹೋದರು. ಅಲ್ಲಿ ನಡೆದ ಒಂದು ಸಂಗತಿಯನ್ನು ಅವರೇ 1944ರಲ್ಲಿ ಬರೆದಿರುವರು. ಕಡಿದಾದ ಬಂಡೆಯ ಮೇಲೆ ಕುಳಿತು ಬುತ್ತಿ ಉಣ್ಣುತ್ತಿದ್ದಾಗ ಕೆಳಗಿನ ಹೊಳೆಯನ್ನು ದಾಟಿ ಬರುವ ತೋಳವೊಂದು ಕಂಡಿತು. ಜೊತೆಗೆ ಬೆಳೆದ ಮರಿಗಳು. ತೋಳ ಕಡಿಮೆಯಾದಷ್ಟೂ ಜಿಂಕೆ ಹೆಚ್ಚು, ಜಿಂಕೆ ಹೆಚ್ಚಿದಷ್ಟೂ ಬೇಟೆಗಾರನಿಗೆ ಸುಗ್ಗಿ ಎಂಬುದು ಅಂದಿನ ನಂಬಿಕೆ. ಎಲ್ಲರೂ ಗುಂಡಿನ ಮಳೆಗರೆದರು. ಹತ್ತಿರ ಹೋದಾಗ ಮುದಿ ತೋಳದ ಕಣ್ಣಿನಲ್ಲಿ ಹಸಿರಾದೊಂದು ಬೆಂಕಿ ಆರುತ್ತಿದ್ದಿತು. ತೋಳಗಳು ಅಳಿದ ಬೆಟ್ಟಗಳಲ್ಲಿ ಜಿಂಕೆಗಳು ಹೆಚ್ಚಿ, ಚಿಗುರನ್ನೆಲ್ಲ ಮೇದು, ಕೊನೆಗೆ ತಾವೇ ಹಸಿವಿನಿಂದ ಸತ್ತುದನ್ನು ಕಾಣಲು ಅವರು ಬಹಳ ವರ್ಷ ಕಾಯಬೇಕಾಯಿತು. ತಂದೆಯ ಪಾಠದಲ್ಲಿ ತೋಳ ಸೇರಿರಲಿಲ್ಲ. ಅದನ್ನು ಮಗನು ತಾನೇ ಕಲಿತನು.

1912ರಲ್ಲಿ ಸಾಂಟಾಫೆಯ ಎಸ್ಟೆಲ್ಲಾ ಬರ್ಜಿರ್ ಅವರೊಡನೆ ವಿವಾಹವಾಯಿತು. ಮರುವರ್ಷ ಏಪ್ರಿಲಿನಲ್ಲಿ ಕುದುರೆಯ ಮೇಲೆ ಕಾಡಿನ ತಿರುಗಾಟದಲ್ಲಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ, ಒದ್ದೆ ಹಾಸಿಗೆಯಲ್ಲಿ ಮಲಗಿ, ಮೂತ್ರಪಿಂಡದ ಕಾಯಿಲೆಯಿಂದ ಮೈಯೆಲ್ಲ ಊದಿ ಸಾಯುವಂತಾದರು. ವರ್ಷಕ್ಕೂ ಮಿಕ್ಕಿ ಕೆಲಸ ತಪ್ಪಿತು. ಆ ದಿನಗಳಲ್ಲಿ ಬಹುಕಾಲ ಬರ್ಲಿಂಗ್‌ಟನ್ನಿನ ತಂದೆಯ ಮನೆಯಲ್ಲಿಯೇ ಕಳೆದರು. ಚೊಚ್ಚಲ ಮಗ ಸ್ಟಾರ್ಕರ್ ಹುಟ್ಟಿದುದೂ 1913ರ ಅಕ್ಟೋಬರಿನಲ್ಲಿ ಅಲ್ಲಿಯೇ. ಅದೇ ವರ್ಷ ವಸಂತದ ಬೇಟೆಗೆ ಕಾಯಿದೆಯ ತಡೆಯೂ ಬಂದಿದ್ದಿತು. ಮುದುಕನಾದ ಕಾರ್ಲರು ಮೊಮ್ಮಗನ ಮುಖ ಕಂಡರು. ಆದರೆ ಅವನನ್ನು ಜೌಗಿಗೆ ಕರೆದೊಯ್ಯುವ ಭಾಗ್ಯ ಅವರಿಗಿರಲಿಲ್ಲ. 1914ರ ಡಿಸೆಂಬರಿನಲ್ಲಿ ತೀರಿಕೊಂಡರು.

ಆ ಕೆಲಸ ಈಗ ಆಲ್ಡೋ ಲಿಯೊಪೋಲ್ಡರ ಪಾಲಿಗೆ ಬಂದಿತು. ಸ್ಟಾರ್ಕರ್, ಲೂನಾ, ಕಾರ್ಲ್ ಎಂಬ ಮೂವರು ಗಂಡುಮಕ್ಕಳು. ನೀನಾ, ಎಸ್ಟೆಲ್ಲಾ ಎಂಬಿಬ್ಬರು ಹೆಣ್ಣುಮಕ್ಕಳು. ನ್ಯೂಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ವಾಸವಾಗಿದ್ದಾಗ ಊರ ಪಕ್ಕದ ರಿಯೋಗ್ರಾಂಡೆ ನದಿಯೇ ಇವರ ಮಿಸಿಸಿಪಿ. ಹಿರಿಯ ಹುಡುಗರು ತಂದೆಯ ಹಿಂದೆ ಅಲ್ಲಿನ ಮರಳದಿಬ್ಬಗಳಲ್ಲಿ ಬಾತುಗಳನ್ನು ಕಾಯತೊಡಗಿದರು. ಬಾತಿನ ಬೇಟೆಯಲ್ಲಿ ಮರದಿಂದ ಕೆತ್ತಿ ಬಣ್ಣ ಹಚ್ಚಿದ ಬೊಂಬೆಬಾತುಗಳನ್ನು ನೀರಿನ ಮೇಲೆ ತೇಲಿಬಿಡುವರು. ಮೇಲೆ ಹಾರುವ ಹಿಂಡು ತಮ್ಮವರೆಂದು ತಿಳಿದು ಕೆಳಗಿಳಿಯುವುದು. ಲಿಯೊಪೋಲ್ಡರ ಮಕ್ಕಳು ಹಸುಳೆಗಳಾಗಿದ್ದಾಗ ಆಡಿದುದೇ ಈ ಬೊಂಬೆಬಾತುಗಳೊಡನೆ. ಮರದ ಕೋವಿಗಳನ್ನು ಹಿಡಿದು ಊರ ಬಯಲುಗಳಲ್ಲಿ ಇಲ್ಲದ ಬೇಟೆಯನ್ನು ಅರಸಿದರು. ಇದನ್ನು ನೋಡಿದ ತಂದೆಗೆ ಒಂದು ಚಿಂತೆ ಹುಟ್ಟಿತು. ಮಕ್ಕಳಿಗೆ ಆರೋಗ್ಯ, ವಿದ್ಯೆ, ಒಂದಿಷ್ಟು ಆಸ್ತಿಯನ್ನೂ ಬಿಟ್ಟುಹೋಗಬಹುದು. ಆದರೆ ಬೆಟ್ಟದಲ್ಲಿ ಜಿಂಕೆಯಿಲ್ಲದೆ, ಜೌಗಿನಲ್ಲಿ ಬಾತಿಲ್ಲದೆ, ಇರುಳಿನ ಆಕಾಶದಲ್ಲಿ ಹೆಬ್ಬಾತುಗಳ ಕೂಗಿಲ್ಲದೆ ಹೋದರೆ ಇವರು ಆ ಸೊತ್ತಿನಿಂದ ಮಾಡುವುದೇನು, ಎಂಬುದೇ ಆ ಚಿಂತೆ. ಈ ಪ್ರಶ್ನೆಯನ್ನು ಅವರು ಒಂದು ಪ್ರಬಂಧದಲ್ಲಿ ಬರೆದಿಟ್ಟರು. ಅದು ಅಚ್ಚಾದುದು ಅವರು ತೀರಿಹೋದ ಮೇಲೆ, 1953ರಲ್ಲಿ. ಅವರ ಬೇಟೆಯ ದಿನಚರಿಗಳೊಡನೆ ಅದನ್ನು ರೌಂಡ್ ರಿವರ್ ಎಂಬ ಪುಸ್ತಕವಾಗಿ ಹೊರತಂದವನು ಮಗ ಲೂನಾ.

1922ರಲ್ಲಿ ಲಿಯೊಪೋಲ್ಡರು ತಮ್ಮನಾದ ಕಾರ್ಲನೊಡನೆ ಕೊಲರಾಡೋ ನದಿಯು ಸಮುದ್ರ ಸೇರುವಲ್ಲಿನ ಕವಲುನಾಡಿನಲ್ಲಿ ದೋಣಿಯಾನ ಮಾಡಿದರು. ತಂದೆಯ ಗರಡಿಯಲ್ಲಿ ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು ನಡುವಯಸ್ಸಿನಲ್ಲಿ ಮತ್ತೆ ಹುಡುಗರಾದರು. ಹಸಿರು ನೀರಿನ ಮಡುಗಳು. ದೋಣಿ ತಿರುಗಿದಲ್ಲೆಲ್ಲ ಬೆಳ್ಳಕ್ಕಿ, ನೀರುಕಾಗೆ, ಹಸಿರುತಲೆಯ ಬಾತು. ಕಾಣದಿದ್ದರೂ ಅಲ್ಲಿಯೇ ಇರುವ ಚಿರತೆಯಂಥ ಜಾಗ್ವಾರ್. ಸಂಜೆ ಮೆಸ್ಕೀಟ್ ಎಂಬ ಜಾಲಿಯಂಥ ಮರದ ಒಣಕಟ್ಟಿಗೆಯ ಕೆಂಡ. ಮುಚ್ಚಳವಿರುವ ಎರಕದ ಕಬ್ಬಿಣದ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟರೆ ಒಳಗೆ ರೊಟ್ಟಿ ಬೇಯುವುದು. ನಮ್ಮ ಹಳ್ಳಿಯ ಅಡಿಗೆಯಲ್ಲಿ ಮೇಲೆ ಕೆಳಗೆ ಕೆಂಡವಿಡುವ ಕ್ರಮವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದಿನ ಬೇಟೆಯ ಲಾವಕ್ಕಿಗಳು ಪಾತ್ರೆಯಲ್ಲಿ ಕೆಂಪಗಾಗುವ ಪರಿಮಳವನ್ನು ಲಿಯೊಪೋಲ್ಡರು ಇಪ್ಪತ್ತು ವರ್ಷಗಳ ತರುವಾಯ ಬರೆಯುವಾಗಲೂ ಮರೆತಿರಲಿಲ್ಲ. ಆ ಮಡುಗಳಿಗೆ ಅವರು ಪುನಃ ಕಾಲಿಡಲಿಲ್ಲ. ಮೇಲಿನ ನದಿಗೆ ಅಣೆಕಟ್ಟುಗಳು ಬಂದು ಕವಲುನಾಡು ಬತ್ತಿಹೋಯಿತು.

ಅಧಿಕಾರದ ಬದುಕನ್ನು ಬೇಗ ಹೇಳಿ ಮುಗಿಸುವೆವು. ಇವರ ಪ್ರಯತ್ನದಿಂದ 1924ರಲ್ಲಿ ನ್ಯೂಮೆಕ್ಸಿಕೋದ ಗೀಲಾ ಎಂಬಲ್ಲಿ ಸುಮಾರು ಏಳೂವರೆ ಲಕ್ಷ ಎಕರೆ ಕಾಡು ರಸ್ತೆಯಿಲ್ಲದೆ ಕಾಡಾಗಿಯೇ ಉಳಿಯುವಂತಾಯಿತು. ಅದೇ ವರ್ಷ ಸಂಸಾರವು ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ನಿಗೆ ಬಂದಿತು. 1933ರಲ್ಲಿ ಬೇಟೆಯ ಪ್ರಾಣಿಪಕ್ಷಿಗಳ ಪಾಲನೆಯ ಬಗೆಗೆ ಇವರ ಪಾಠಗ್ರಂಥ ಹೊರಬಂದಿತು. ಅಲ್ಲಿನ ವಿಶ್ವವಿದ್ಯಾಲಯವು ಈ ವಿಷಯಕ್ಕಾಗಿಯೇ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿ ಇವರನ್ನು ಕೂರಿಸಿತು.

ಆ ವರ್ಷಗಳಲ್ಲಿಯೇ ಬಾತುಗಳಿಗೆ ಮಹಾ ಸಂಕಟ ಒದಗಿತು. ಮಧ್ಯ ಅಮೇರಿಕದ ಬಯಲುಗಳಲ್ಲಿ ಬರಗಾಲ. ಮೊದಲೇ ರೈತರು ಗೋಧಿ ಬೆಳೆಯಲೆಂದು ಜೌಗುಗಳನ್ನು ಬಸಿದು ಒಣಗಿಸಿದ್ದರು. ಗೂಡು ಕಟ್ಟಲು ನೀರಿಲ್ಲದೆ ಹಿಂಡುಗಳು ಕ್ಷಯಿಸಿದುವು. 1934ರ ಜನವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸರಕಾರವು ಮೂವರ ಸಮಿತಿಯನ್ನು ನೇಮಿಸಿತು. ಥಾಮಸ್ ಬೆಕ್, ಅಯೋವಾದವರೇ ಆದ ಪ್ರಸಿದ್ಧ ವ್ಯಂಗ್ಯಚಿತ್ರಕಾರ ಡಾರ್ಲಿಂಗ್, ಮತ್ತು ಲಿಯೊಪೋಲ್ಡರು. ಹಾಳುಬಿದ್ದ ನೆಲವನ್ನು ಸರಕಾರವೇ ಕೊಂಡು ಮತ್ತೆ ಜೌಗು ಮಾಡಬೇಕೆಂದು ಸಮಿತಿ ಹೇಳಿತು. ಆ ಮಾರ್ಚಿಯಲ್ಲಿ ಬಂದ ಕಾಯಿದೆಯಂತೆ ಹದಿನಾರು ದಾಟಿದ ಪ್ರತಿಯೊಬ್ಬ ಬಾತಿನ ಬೇಟೆಗಾರನೂ ವರ್ಷಕ್ಕೊಂದು ಡಾಲರಿನ ಅಂಚೆಚೀಟಿಯಂಥ ಚೀಟಿಯನ್ನು ಕೊಳ್ಳಬೇಕಾಯಿತು, ಹಣವೆಲ್ಲ ಜೌಗುನೆಲಕ್ಕೆ. ಮೊದಲ ಚೀಟಿಯ ಮೇಲೆ ನೀರಿಗಿಳಿಯುವ ಜೋಡಿ ಬಾತುಗಳ ಚಿತ್ರವನ್ನು ಡಾರ್ಲಿಂಗರೇ ಬರೆದರು. ಮೊದಲ ವರ್ಷವೇ 6 ಲಕ್ಷ 35 ಸಾವಿರ ಚೀಟಿಗಳು ಮಾರಾಟವಾದುವು. ಚೀಟಿಯ ಉಪಾಯ ಲಿಯೊಪೋಲ್ಡರೊಬ್ಬರದೇ ಎಂದು ನಾವು ಹೇಳುವುದಿಲ್ಲ. ಅನೇಕರು ಅದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದರು. ಆದರೆ 1904ರ ಮಾರ್ಚಿಯಲ್ಲಿ ತಾಯಿಗೆ ಬರೆದ ಕಾಗದಕ್ಕೂ 1934ರ ಮಾರ್ಚಿಗೂ ಸರಿಯಾಗಿ 30 ವರ್ಷ. ಹುಡುಗನು ಮಾತು ಉಳಿಸಿಕೊಂಡನು. (ನಮ್ಮ ದೇಶದಲ್ಲಿ 1972ರ ಕಾಯಿದೆಯಿಂದಲೂ 1991ರ ಅದರ ತಿದ್ದುಪಡಿಯಿಂದಲೂ ಬಾತಿನ ಬೇಟೆ ಪೂರ್ತಿ ನಿಂತಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಆ ಕಡೆಯ ವಾಚಕರು ಬಲ್ಲರು.)

1935ರಲ್ಲಿ ಲಿಯೊಪೋಲ್ಡರು ವಿಸ್ಕಾನ್ಸಿನ್ ನದಿಯ ದಡದಲ್ಲಿ ಯಾರಿಗೂ ಬೇಡವಾದ ಮರಳುನೆಲವೊಂದನ್ನು ಕೊಂಡರು. ಅಲ್ಲಿ ನಿಂತಿದ್ದ ಕಟ್ಟಡ ಒಂದೇ ಒಂದು ಕೋಳಿಗೂಡು, ಒಳಗೆಲ್ಲ ಗೊಬ್ಬರ! ಪ್ರಾಧ್ಯಾಪಕರೂ ಅವರ ಮಡದಿಯೂ ಐವರು ಮಕ್ಕಳೂ ಸೇರಿ ಅದನ್ನು ಎತ್ತಿಹಾಕಿ, ತೊಳೆದು, ಒಲೆ ಕಟ್ಟಿ, ವಾರದ ಕೊನೆಗೆ ಅಲ್ಲಿ ವಾಸಮಾಡತೊಡಗಿದರು. ಪ್ರತಿ ವಸಂತದಲ್ಲಿ ಸಾವಿರಾರು ಪೈನ್ ಸಸಿಗಳನ್ನು ನೆಟ್ಟರು, ಮೊದಲ ವರ್ಷಗಳ ಸಸಿಗಳಲ್ಲಿ ಬಹುಪಾಲು ಬರಗಾಲಕ್ಕೆ ತುತ್ತಾದುವು, ಮತ್ತೆ ನೆಟ್ಟರು. ಅಲ್ಲಿಯೂ ಅದೇ ಎರಕದ ಪಾತ್ರೆ, ಅದೇ ಕೆಂಡ, ಹುಳಿಹಿಟ್ಟಿನ ರೊಟ್ಟಿ, ಬೇಟೆ ಸಿಕ್ಕಿದ ದಿನ ಅದರ ಮಾಂಸ. ಲಿಯೊಪೋಲ್ಡರು ಆಗ ತಾವೇ ಕೈಯಾರೆ ಮಾಡಿದ ಬಿಲ್ಲುಬಾಣಗಳಿಂದಲೂ ಬೇಟೆಗೆ ಹೋಗುತ್ತಿದ್ದರು. ಗುರಿಯಲ್ಲಿ ಮಾತ್ರ ಮಡದಿ ಎಸ್ಟೆಲ್ಲಾ ಅವರೇ ಮುಂದು. ಆಕೆ ಸಂಸ್ಥಾನದ ಮಹಿಳಾ ಬಿಲ್ಗಾರಿಕೆ ಸ್ಪರ್ಧೆಗಳಲ್ಲಿ ಗೆದ್ದವರು. ಗಂಡಸರು ಬರಿಗೈಯಿಂದ ಬಂದ ಸಂಜೆಗಳಲ್ಲಿ ರೊಟ್ಟಿಯ ಬೆಲೆ ಹೆಚ್ಚಿರಬೇಕೆಂದು ನಮ್ಮ ಊಹೆ.

ಈ ಕೋಳಿಗೂಡಿನ ಅನುಭವಗಳನ್ನೂ, ಮೊದಲ ಬಾತಿನ ನೆನಪನ್ನೂ, ತೋಳದ ಕಥೆಯನ್ನೂ ಒಟ್ಟುಗೂಡಿಸಿ ಅವರೊಂದು ಪುಸ್ತಕ ಬರೆದರು. ನೆಲವು ನಾವು ಕೊಂಡು ಮಾರುವ ಸರಕಲ್ಲ, ನೀರು ಗಿಡ ಮೃಗಗಳೊಡನೆ ನಾವೂ ಸೇರಿದ ಒಂದು ಕೂಡುಕುಟುಂಬ ಎಂಬುದು ಅದರ ತಿರುಳು. ಪ್ರಕಾಶಕರು ಹಲವು ವರ್ಷ ಅದನ್ನು ಹಿಂದಕ್ಕೆ ಕಳುಹಿಸುತ್ತಲೇ ಇದ್ದರು. ಕಡೆಗೆ 1948ರ ಏಪ್ರಿಲ್ 14ರಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನವರು ಒಪ್ಪಿಗೆ ಕೊಟ್ಟರು. ಒಂದೇ ವಾರ ಕಳೆದಿರಲು, 21ರಂದು, ನೆರೆಯ ಹೊಲದಲ್ಲಿ ಹುಲ್ಲಿಗೆ ಬೆಂಕಿ ಹತ್ತಿತು. ಅದು ಪೈನ್ ತೋಪಿಗೆ ಹಬ್ಬೀತೆಂದು ಆರಿಸಲು ಹೋದ ಲಿಯೊಪೋಲ್ಡರು ಹೃದಯಾಘಾತದಿಂದ ಅಲ್ಲಿಯೇ ಮಡಿದರು. ಆಗ ಅವರಿಗೆ 61 ವರ್ಷ. ದೇಹವನ್ನು ಬರ್ಲಿಂಗ್‌ಟನ್ನಿಗೆ ಒಯ್ದು ಮಣ್ಣುಮಾಡಿದರು. ಪುಸ್ತಕವು ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್ ಎಂಬ ಹೆಸರಿನಿಂದ 1949ರಲ್ಲಿ ಹೊರಬಂದಿತು. ಇಂದಿನ ವರೆಗೆ 20 ಲಕ್ಷಕ್ಕೂ ಮೀರಿ ಪ್ರತಿಗಳು ಖರ್ಚಾಗಿವೆ. ಒಂದನ್ನೂ ಕೈಯಲ್ಲಿ ಹಿಡಿಯುವ ಯೋಗ ಬರೆದವರಿಗಿರಲಿಲ್ಲ.

ಬೊಂಬೆಬಾತುಗಳೊಡನೆ ಆಡಿದ ಮಕ್ಕಳು ಏನಾದರೆಂದು ವಾಚಕರು ಕೇಳಬಹುದು. ಸ್ಟಾರ್ಕರ್ ವನ್ಯಜೀವಿಗಳ ಪ್ರಾಧ್ಯಾಪಕನಾಗಿ 1963ರಲ್ಲಿ ಅಮೇರಿಕದ ರಾಷ್ಟ್ರೀಯ ಉದ್ಯಾನಗಳ ಪಾಲನೆಗೆ ಹೊಸ ದಾರಿ ತೋರಿಸಿದ ವರದಿಯನ್ನು ಬರೆದನು. ಲೂನಾ ನದಿಗಳ ಶಾಸ್ತ್ರದಲ್ಲಿ ಹೆಸರಾದನು. ಕಿರಿಯ ಕಾರ್ಲ್ ಸಸ್ಯಗಳ ಜೀವಕ್ರಿಯೆಯನ್ನು ಅಭ್ಯಸಿಸಿದನು; ನೀನಾ ಕೆಟ್ಟ ನೆಲವನ್ನು ಮರಳಿ ಹಸುರಾಗಿಸುವ ಕೆಲಸದಲ್ಲಿಯೂ, ಎಸ್ಟೆಲ್ಲಾ ಪುರಾತನ ಕಾಲದ ಪರಾಗಗಳ ಸಂಶೋಧನೆಯಲ್ಲಿಯೂ ತೊಡಗಿದರು. ಇವರಲ್ಲಿ ಸ್ಟಾರ್ಕರ್, ಲೂನಾ, ಎಸ್ಟೆಲ್ಲಾ ಮೂವರೂ ಅಮೇರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಚುನಾಯಿತರಾದರು. ಒಂದೇ ಮನೆಯ ಮೂವರು!

ಮತ್ತೊಬ್ಬರ ಮಾತು ಉಳಿದಿದೆ. ಕಾರ್ಲ್ ಲಿಯೊಪೋಲ್ಡರ ಕೊನೆಯ ಮಗ ಫ್ರೆಡರಿಕ್ ಊರಲ್ಲಿಯೇ ಉಳಿದು ಮೇಜಿನ ಕಾರ್ಖಾನೆಯನ್ನು ನಡೆಸಿದರು. ಅಣ್ಣಂದಿರಂತೆ ಇವರೂ ತಂದೆಯೊಡನೆ ಜೌಗಿನಲ್ಲಿ ಬೆಳೆದವರೇ. ಮರದ ಪೊಟರೆಯಲ್ಲಿ ಗೂಡುಮಾಡುವ ಬಣ್ಣಬಣ್ಣದ ಒಂದು ಬಾತು ಆ ನಾಡಿನಲ್ಲಿದೆ. ವುಡ್ ಡಕ್ ಎಂದು ಅದರ ಹೆಸರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅದು ಅಳಿದೇ ಹೋಗುವಂತಿದ್ದು, 1918ರಿಂದ ಅದರ ಬೇಟೆಯನ್ನು ಪೂರ್ತಿ ನಿಲ್ಲಿಸಿದ್ದರು. ಫ್ರೆಡರಿಕ್ ನದಿಗೆದುರಾದ ತಮ್ಮ ಮನೆಯಂಗಳದ ಮರಗಳಿಗೆ ಹಲಗೆಯ ಗೂಡುಗಳನ್ನು ತೂಗುಹಾಕಿದರು. ಬಾತುಗಳು ಬಂದುವು. ಮೊಟ್ಟೆಯೊಡೆದ ಮರುದಿನ ಬೆಳಿಗ್ಗೆ ತಾಯಿ ಕೆಳಗೆ ನಿಂತು ಕರೆಯುವುದು. ಅಂಗೈಯಷ್ಟೂ ಇಲ್ಲದ ಮರಿಗಳು ಎತ್ತರದ ಗೂಡಿನಿಂದ ಒಂದೊಂದಾಗಿ ನೆಲಕ್ಕೆ ಧುಮುಕಿ, ಅವಳ ಹಿಂದೆ ಸಾಲಾಗಿ ದಿಬ್ಬವನ್ನಿಳಿದು ಮಿಸಿಸಿಪಿಯ ಕಡೆಗೆ ಹೊರಡುವುವು. ಮೇಜಿನ ವ್ಯಾಪಾರಿಯ ಕಿರಿಯ ಮಗನು ದಶಕಗಟ್ಟಲೆ, 1989ರಲ್ಲಿ ತೀರಿಕೊಳ್ಳುವ ತನಕ ಅಂಗಳದ ಆ ಬಾತುಗಳ ಗೆಳೆಯನಾಗಿದ್ದು, ಪ್ರತಿ ವಸಂತದಲ್ಲಿ ಗೂಡುಗಳ, ಮೊಟ್ಟೆಗಳ, ಮರಿಗಳ ಲೆಕ್ಕವನ್ನು ಬರೆದಿಡುತ್ತಿದ್ದರು.